ಕೆಂಪು ಹಲಗೆ, ಕರಿ ಹಲಗೆ: ಅವ್ವನ ಬುಟ್ಟಿಗೆ ಹಿನ್ನೆಲೆ ಮಾಡಿದ ಲೆಕ್ಕ

ಜಗಲಿಯಲ್ಲಿ ಈಗ ಎರಡು ಹಲಗೆ ಗೋಡೆಗೆ ಒರಗಿ ನಿಂತಿವೆ. ಒಂದು ಕೆಮ್ಮಣ್ಣಿನದು, ಇನ್ನೊಂದು ಸಗಣಿ-ಇದ್ದಿಲಿನದು. ಎರಡೂ 4 ಅಡಿ ಅಗಲ, 3 ಅಡಿ ಎತ್ತರ. ಕೆಂಪು ಹಲಗೆಗೆ ನಾಲ್ಕು ವಾರ ಹಿಡಿಯಿತು, ಕರಿಯದಕ್ಕೆ ಐದು ದಿನ. ಬುಟ್ಟಿಯ ಫೋಟೋ ತೆಗೆಯಲೆಂದು ಮಾಡಿದ್ದು ಕೆಂಪು ಹಲಗೆ. ಆ ಕೆಲಸಕ್ಕೆ ಒದಗಿದ್ದು ಕರಿಯದು. ನನ್ನ ಹಾಗೆ ಮನೆಯ ಕರಕುಶಲ ವಸ್ತುಗಳ ಫೋಟೋ ತೆಗೆಯುವವರಿಗೆ ಉಪಯೋಗವಾಗಲಿ ಎಂದು ಅಳತೆ, ಖರ್ಚು, ತಪ್ಪು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮದು ಸಾಗರದ ಕಡೆಯ ಹಳ್ಳಿ, ದೀವರ ಸಮುದಾಯದ ಮನೆ. ಅವ್ವ ಪ್ರತಿವರ್ಷ ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುತ್ತಾಳೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯುವುದು. ಹುಣ್ಣಿಮೆಯ ದಿನ ಭೂಮಿಗೆ ಎಡೆಯಾಗಿ ಬೀರುವ ಚರಗದ ಅಡುಗೆ ಈ ಬುಟ್ಟಿಯಲ್ಲೇ ಗದ್ದೆಗೆ ಹೋಗುತ್ತದೆ. ದೊಡ್ಡದೊಂದು, ಚಿಕ್ಕದೊಂದು, ಹೀಗೆ ಜೋಡಿ. ಈ ವರ್ಷ ಬೇರೆಯವರೂ ಕೇಳಿದ್ದರಿಂದ ಅವ್ವ ಐದು ಜೋಡಿ ಬರೆದಳು. ಬೆಂಗಳೂರಲ್ಲಿರುವ ಅತ್ತಿಗೆ, "ಫೋಟೋ ಕಳಿಸು, ನನ್ನ ಗುರ್ತಿನವರು ಇನ್ನೂ ನಾಲ್ಕು ಜನ ತಗಳ್ತಾರೆ" ಅಂದಳು. ಹಾಸಿಗೆಯ ಮೇಲಿನ ಹೂವಿನ ಚಾದರದ ಮೇಲಿಟ್ಟು ತೆಗೆದೆ. ಚಾದರದ ಹೂವು ಕಂಡಿತು, ಅವ್ವನ ಎಳೆ ಕಾಣಲಿಲ್ಲ. ಜಗಲಿಯ ಗೋಡೆಯೆದುರು ಇಡೋಣವೆಂದರೆ ಅದಕ್ಕೆ ಈಗ ತಿಳಿನೀಲಿ ಬಣ್ಣ. ನಾನು ಚಿಕ್ಕವನಿದ್ದಾಗ ಇದೇ ಗೋಡೆ ಕೆಮ್ಮಣ್ಣಿನದಾಗಿತ್ತು. ಸಿಮೆಂಟು ಬಂದ ಮೇಲೆ ಹೋಯಿತು. ಎತ್ತಿಡಬಹುದಾದ ಒಂದು ಕೆಮ್ಮಣ್ಣಿನ ಗೋಡೆ ಮಾಡಿಕೊಳ್ಳಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಹಂತ 0: ಜೂನ್‌ನಲ್ಲಿ ಕೆಟ್ಟ ಬಟ್ಟೆ

ಇದು ಹಲಗೆಗಿಂತ ಮೊದಲಿನ ಕತೆ. ಮಳೆಗಾಲದ ಶುರುವಿನಲ್ಲಿ ಮಗಳ ಫೋಟೋ ತೆಗೆಯಲೆಂದು 63 ಇಂಚು ಅಗಲದ ಕೋರಾ ಬಟ್ಟೆ 3 ಮೀಟರ್ ತಂದಿದ್ದೆ, ಮೀಟರಿಗೆ 85 ರೂಪಾಯಿ. ಬಣ್ಣ ಹೀರಬಾರದೆಂದು ಮೈದಾ ಗಂಜಿ ಹಚ್ಚಿ, ಒಣಗಿಸಿ, ಬೂದು ಬಣ್ಣ ಬಳಿದೆ. ಎರಡು ದಿನ ಚೆನ್ನಾಗಿತ್ತು. ಆರಿದ್ರೆ ಮಳೆ ಹಿಡಿದದ್ದೇ ತಡ, ಸುತ್ತಿಟ್ಟ ಬಟ್ಟೆ ಬಿಚ್ಚಿದರೆ ಒಳಗೆಲ್ಲ ಬೂಷ್ಟು. ಪುಸ್ತಕಕ್ಕೆ ರಟ್ಟು ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಹಾಕುವುದು ಇದಕ್ಕೇ. ನಾನು ಹಾಕಿರಲಿಲ್ಲ. ಅದು ವಿಷ, ಮಗು ಮುಟ್ಟುವ ಬಟ್ಟೆಗೆ ಬೇಡವೆನಿಸಿತ್ತು. ಮಲೆನಾಡಿನ ಮಳೆಗಾಲದಲ್ಲಿ ಗಂಜಿ ಹಚ್ಚಿದ್ದೇನೂ ಉಳಿಯುವುದಿಲ್ಲ. ಬಟ್ಟೆ, ಮೈದಾ ಸೇರಿ 285 ರೂಪಾಯಿ ಹೋಯಿತು.

ಹಂತ 1: ಹಲಗೆ (ಅಕ್ಟೋಬರ್ ಕೊನೆಯ ವಾರ)

8 ಮಿ.ಮೀ. ದಪ್ಪದ ಪ್ಲೈವುಡ್, 8 ಅಡಿಗೆ 4 ಅಡಿಯ ಒಂದು ಹಾಳೆ. ಚದರಡಿಗೆ 48 ರೂಪಾಯಿಯಂತೆ 1,536. ಉದ್ದವನ್ನು 3, 3, 2 ಅಡಿಯಾಗಿ ಅಂಗಡಿಯಲ್ಲೇ ಕೊಯ್ಸಿದೆ, ಕೂಲಿ 60. ಎರಡು ದೊಡ್ಡ ಹಲಗೆಯಾಯಿತು, 2 ಅಡಿಗೆ 4 ಅಡಿಯ ತುಂಡೊಂದು ಉಳಿಯಿತು.

ಮನೆ ಹಿಂದಿನ ಧರೆಯಿಂದ ಕೆಮ್ಮಣ್ಣು ತಂದು, ಹೆಂಟೆ ಒಡೆದು, ಸೊಳ್ಳೆ ಪರದೆಯ ತುಂಡಿನಲ್ಲಿ ಜರಡಿ ಹಿಡಿದೆ. ಮೂರು ಮಗ್ ಮಣ್ಣು, ಒಂದು ಮಗ್ ಸಗಣಿ, ನೀರು. ಕರಣೆಯಿಂದ ಸೀದಾ ಪ್ಲೈವುಡ್ ಮೇಲೆ 4 ಮಿ.ಮೀ. ದಪ್ಪಕ್ಕೆ ಎಳೆದೆ.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಎರಡು ತೊಂದರೆ. ಮಣ್ಣು ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಕೆಲವು ಬಿರುಕು 3 ಮಿ.ಮೀ. ಅಗಲ. ಹಲಗೆಯೇ ಬಾಗಿತ್ತು. ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದರೆ ನಡುವೆ 11 ಮಿ.ಮೀ. ಸಂದು. ಒಂದೇ ಮಗ್ಗುಲು ನೀರು ಕುಡಿದರೆ ಪ್ಲೈವುಡ್ ಬಾಗದೆ ಏನು ಮಾಡೀತು?

ಅವ್ವ ಬಂದು ಒಂದು ಚಕ್ಕೆ ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದಳು. "ಇದಕ್ಕೆ ಮಳ್ಳು ಹಾಕ್ಲಿಲ್ವಾ? ಬರೀ ಮಣ್ಣು ಒಣಗಿದ್ರೆ ಒಡಿಯದೇ ಸೈ" ಅಂದಳು. ಮರಳು ಹಾಕಬೇಕೆಂದು ಮೊದಲೇ ಕೇಳಿಕೊಳ್ಳಬಹುದಿತ್ತು. ಗೋಡೆ ಸಾರಿಸಿದ ಕೈ ಮನೆಯಲ್ಲೇ ಇತ್ತು. ನಾನು ಕೇಳದೆ ಶುರು ಮಾಡಿದ್ದು ತಪ್ಪು.

ಹಂತ 2: ಚೌಕಟ್ಟು, ಗೋಣಿ, ಮರಳು (ನವೆಂಬರ್ ಮೊದಲ ಎರಡು ವಾರ)

ಎಲ್ಲ ಕೆರೆದು ತೆಗೆದು, ಹಲಗೆಯನ್ನು ಬಿಸಿಲಿಗೆ ಮಕಾಡೆ ಹಾಕಿ, ಮೇಲೆ ಕಲ್ಲು ಹೇರಿದೆ. ನಾಲ್ಕು ದಿನಕ್ಕೆ ಬಾಗು 3 ಮಿ.ಮೀ.ಗೆ ಇಳಿಯಿತು. ಹಿಂದುಗಡೆ 1 ಇಂಚು–2 ಇಂಚಿನ ರೀಪಿನಿಂದ ಸುತ್ತಲೂ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ. ಒಂದು ಹಲಗೆಗೆ 17 ಅಡಿ ರೀಪು ಬೇಕು. ಎರಡಕ್ಕೂ ಸೇರಿ 36 ಅಡಿ ತಂದೆ, ಅಡಿಗೆ 12 ರೂಪಾಯಿ. ಸ್ಕ್ರೂ 6 ಇಂಚಿಗೊಂದು. ಚೌಕಟ್ಟು ಬಿಗಿದ ಮೇಲೆ ಉಳಿದ ಬಾಗೂ ಹೋಯಿತು. ಇದನ್ನು ಮಣ್ಣು ಹಚ್ಚುವ ಮೊದಲೇ ಮಾಡಬೇಕು. ಬಾಗಿದ ಹಲಗೆಯನ್ನು ತಿದ್ದಲು ಹಿಡಿದ ವಾರ ಅನವಶ್ಯಕ.

ಮಣ್ಣಿಗೆ ಹಿಡಿತ ಬೇಕಲ್ಲ, ಅದಕ್ಕೆ ಗೋಣಿ ಚೀಲ. ಹೊಲಿಗೆ ಬಿಚ್ಚಿ, ಒದ್ದೆ ಮಾಡಿ ಹಿಂಡಿ, ಬಡಗಿಗಳ ಬಿಳಿ ಅಂಟಿನಿಂದ ಹಲಗೆಗೆ ಅಂಟಿಸಿದೆ. ಒಂದು ಹಲಗೆಗೆ ಎರಡು ಚೀಲ, ಸುಮಾರು ಅರ್ಧ ಕಿಲೋ ಅಂಟು. ಅಂಚಿನಲ್ಲಿ ಹಿಂದಕ್ಕೆ ಮಡಚಿ ಸ್ಟೇಪ್ಲರ್ ಪಿನ್ ಹೊಡೆದೆ. ಒಂದು ರಾತ್ರಿ ಒಣಗಲು ಬಿಟ್ಟೆ.

ಎರಡನೇ ಪಾಕ: ಮೂರು ಮಗ್ ಕೆಮ್ಮಣ್ಣು, ಮೂರು ಮಗ್ ಜರಡಿ ಹಿಡಿದ ಸಣ್ಣ ಮರಳು, ಒಂದು ಮಗ್ ಸಗಣಿ, ಅರ್ಧ ಮಗ್ ಭತ್ತದ ಹೊಟ್ಟು. ಕಲಸಿ ಒಂದು ರಾತ್ರಿ ಮುಚ್ಚಿಟ್ಟೆ. ಹಚ್ಚಿದ ಮೇಲೆ ಗಾಳಿ ಬೀಸದ ಕೋಣೆಯಲ್ಲಿ, ಮೇಲೆ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಲು ಬಿಟ್ಟೆ. ಆರು ದಿನ ಹಿಡಿಯಿತು. ಕೂದಲಿನಷ್ಟು ಸಣ್ಣ ಬಿರುಕು ನಾಲ್ಕೈದು ಬಿಟ್ಟರೆ ಗಟ್ಟಿಯಾಗಿ ಕೂತಿತು.

ಮೊದಲ ಅರ್ಧ ಹಲಗೆಗೆ ಕರಣೆ ಬಳಸಿದೆ, ಇನ್ನರ್ಧ ಅವ್ವ ಕೈಯಿಂದಲೇ ಎಳೆದಳು. ಕಿಟಕಿಯ ಓರೆ ಬೆಳಕಿಗೆ ಹಿಡಿದಾಗ ಭೇದ ಕಂಡಿತು. ಕರಣೆ ಎಳೆದ ಕಡೆ ಪ್ಲಾಸ್ಟಿಕ್ ಹಾಳೆಯ ಹಾಗೆ ಸಪಾಟು, ಅಲ್ಲಲ್ಲಿ ಲೋಹ ಉಜ್ಜಿದ ಹೊಳಪು. ಅವ್ವ ಎಳೆದ ಕಡೆ ಅರ್ಧಚಂದ್ರದಂಥ ಬೆರಳ ಗುರುತು ಒಂದರ ಮೇಲೊಂದು, ಬೆಳಕನ್ನು ಮೆತ್ತಗೆ ಹಿಡಿದಿಟ್ಟುಕೊಂಡ ಹಾಗಿತ್ತು. ನನ್ನ ಅರ್ಧವನ್ನು ಒದ್ದೆ ಮಾಡಿ ಅವಳ ಕೈಯಲ್ಲೇ ಮತ್ತೆ ಎಳೆಸಿದೆ. ಈ ಎರಡು ತಿಂಗಳ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ದಿನ ಅದು.

ಹಂತ 3: ಮೇಲಿನ ತೆಳು ಲೇಪ, ಮೂರು ಪ್ರಯತ್ನ

ಒಣಗಿದ ಮಣ್ಣು ಮುಟ್ಟಿದರೆ ಬೆರಳಿಗೆ ಕೆಂಪು ಹತ್ತುತ್ತಿತ್ತು. ಬಿಳಿ ಎಳೆಯ ಬುಟ್ಟಿಯ ಹತ್ತಿರ ಅದು ಅಪಾಯ. ಹಲಗೆಯ ಮೂಲೆಯಲ್ಲಿ ಒಂದೊಂದು ಗೇಣು ಜಾಗದಲ್ಲಿ ಪರೀಕ್ಷೆ ಮಾಡಿದೆ.

ಮೊದಲನೆಯದು, ಬಿಳಿ ಅಂಟು ಒಂದು ಪಾಲು, ನೀರು ಹತ್ತು ಪಾಲು. ಕೆಂಪು ಹತ್ತುವುದು ಪೂರ್ತಿ ನಿಂತಿತು. ಆದರೆ ಓರೆ ಬೆಳಕಿನಲ್ಲಿ ಎಣ್ಣೆ ಸವರಿದ ಹಾಗೆ ಹೊಳಪು ಬಂತು. ಹಿನ್ನೆಲೆಗೆ ಹೊಳಪು ಬಂದರೆ ಮುಗಿಯಿತು, ಫೋಟೋದಲ್ಲಿ ಬಿಳಿ ಮಚ್ಚೆಯಾಗಿ ಕೂರುತ್ತದೆ. ಬಣ್ಣವೂ ಒದ್ದೆ ಮಣ್ಣಿನ ಹಾಗೆ ಕಪ್ಪಾಯಿತು.

ಎರಡನೆಯದು, ಅನ್ನದ ಗಂಜಿ ತಿಳಿ. ಜೂನ್‌ನ ಬೂಷ್ಟು ನೆನಪಿದ್ದೂ ಹಚ್ಚಿ ನೋಡಿದೆ. ನೋಡಲು ಚೆನ್ನಾಗಿತ್ತು. ನವೆಂಬರಿನ ಒಣ ಹವೆಯಲ್ಲಿ ಬೂಷ್ಟು ಬರಲಿಲ್ಲ, ಆದರೆ ಮುಂದಿನ ಮಳೆಗಾಲಕ್ಕೆ ನನಗೆ ಧೈರ್ಯ ಇಲ್ಲ.

ಮೂರನೆಯದು ಅವ್ವ ಹೇಳಿದ್ದು, ದಾಸವಾಳ ಸೊಪ್ಪಿನ ಲೋಳೆ. ಎರಡು ಹಿಡಿ ಎಲೆಯನ್ನು ಒಂದು ಲೀಟರ್ ನೀರಲ್ಲಿ ಕಿವುಚಿ, ಸೋಸಿ, ಅದರಲ್ಲೇ ಒಂದು ಮಗ್ ನಯವಾದ ಕೆಮ್ಮಣ್ಣು ಕದಡಿ, ಹಳೇ ಪಂಚೆಯ ತುಂಡಿನಿಂದ ಎರಡು ಸಲ ಸಾರಿಸಿದ್ದು. ಹೊಳಪಿಲ್ಲ, ಬಣ್ಣ ಬದಲಾಗಲಿಲ್ಲ. ಗಟ್ಟಿಯಾಗಿ ಉಜ್ಜಿದರೆ ಮಾತ್ರ ಸ್ವಲ್ಪ ಹತ್ತುತ್ತದೆ. ಇದನ್ನೇ ಇಡೀ ಹಲಗೆಗೆ ಮಾಡಿದೆ.

ಮುಗಿದ ಹಲಗೆಯ ತೂಕ 16.5 ಕಿಲೋ. ಒಬ್ಬನೇ ಎತ್ತಿದರೆ ಅಂಚು ಬಾಗಿಲಿಗೆ ತಾಗುತ್ತದೆ, ಎರಡು ಕಡೆ ಈಗಾಗಲೇ ಉದುರಿದೆ.

ಹಂತ 4: ಮೊದಲ ಫೋಟೋ, ದೊಡ್ಡ ತಪ್ಪು (ನವೆಂಬರ್ ಕೊನೆ)

ಜಗಲಿಯ ಉತ್ತರದ ಮಗ್ಗುಲು ಬಯಲಿಗೆ ತೆರೆದಿದೆ, ಬಿಸಿಲು ನೇರ ಬೀಳುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಹಲಗೆ ನಿಲ್ಲಿಸಿ, ಮುಂದೆ ಮಣೆ, ಮಣೆಯ ಮೇಲೆ 16 ಇಂಚು ಅಗಲದ ದೊಡ್ಡ ಬುಟ್ಟಿ. ನನ್ನದು ಹಳೆಯ ಡಿಎಸ್‌ಎಲ್‌ಆರ್, 50 ಮಿ.ಮೀ. ಲೆನ್ಸ್, ಟ್ರೈಪಾಡ್.

ಮೊದಲ ಫೋಟೋ ನೋಡಿದಾಗಲೇ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಬುಟ್ಟಿ ಕೆಮ್ಮಣ್ಣಿನದು, ಹಿನ್ನೆಲೆಯೂ ಕೆಮ್ಮಣ್ಣಿನದು, ಅದೂ ಒಂದೇ ಧರೆಯದು. ಬುಟ್ಟಿಯ ಅಂಚು ಎಲ್ಲಿ ಮುಗಿಯಿತು, ಹಲಗೆ ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗಲಿಲ್ಲ. ಬಿಳಿ ಎಳೆಗಳು ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಂಡವು, ಬುಟ್ಟಿಯ ಆಕಾರ ಹೋಗಿತ್ತು.

ಹಲಗೆ ಕೊಯ್ಸುವ ಮೊದಲು ಒಂದು ಕೆಂಪು ಸೀರೆಯನ್ನೋ ಕೆಂಪು ಹಾಳೆಯನ್ನೋ ಹಿಂದೆ ಕಟ್ಟಿ ಒಂದೇ ಒಂದು ಫೋಟೋ ತೆಗೆದಿದ್ದರೆ ಹತ್ತು ನಿಮಿಷದಲ್ಲಿ ಇದು ತಿಳಿಯುತ್ತಿತ್ತು. ಹಳೇ ಗೋಡೆಯ ಆಸೆಯಲ್ಲಿ ಬುಟ್ಟಿಗೆ ಏನು ಬೇಕು ಎಂದು ನಾನು ನೋಡಲೇ ಇಲ್ಲ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಿನ್ನೆಲೆ ಮಾಡುವ ಮೊದಲು ಅದೇ ಬಣ್ಣದ ಏನನ್ನಾದರೂ ಹಿಂದೆ ಹಿಡಿದು ಫೋಟೋ ತೆಗೆಯಿರಿ.

ಅದೇ ದಿನ ಇನ್ನೂ ಮೂರು ಸಂಗತಿ ಗೊತ್ತಾದವು.

ಬುಟ್ಟಿಯನ್ನು ಹಲಗೆಯಿಂದ ಅರ್ಧ ಅಡಿಯಲ್ಲಿ ಇಟ್ಟಾಗ ಕೆಂಪು ಪ್ರತಿಫಲಿಸಿ ಅಕ್ಕಿಯ ಬಿಳಿ ಗುಲಾಬಿಗೆ ತಿರುಗಿತು. ಮೊಬೈಲಿನಲ್ಲಿ ಬಣ್ಣದ ಸಂಖ್ಯೆ (ಮೂರೂ ಹತ್ತಿರವಿದ್ದಷ್ಟೂ ಬಿಳಿ ಶುದ್ಧ) ತೆಗೆದು ನೋಡಿದೆ: ಬಿಳಿ ಎಳೆಯಲ್ಲಿ ಕೆಂಪು 231, ಹಸಿರು 205, ನೀಲಿ 192. ಎರಡೂವರೆ ಅಡಿ ಮುಂದೆ ತಂದಾಗ 228, 221, 214. ಹಿನ್ನೆಲೆಗೆ ಗಾಢ ಬಣ್ಣವಿದ್ದರೆ ವಸ್ತುವನ್ನು ದೂರ ಇಡಲೇಬೇಕು.

ದೂರ ಇಟ್ಟ ಕೂಡಲೇ ಹಲಗೆ ಸಾಲದಾಯಿತು. ಬುಟ್ಟಿಯಿಂದ 7 ಅಡಿಗೆ ಕ್ಯಾಮೆರಾ ಇಟ್ಟರೆ ಹಲಗೆಯ ಹತ್ತಿರ ಫೋಟೋದ ಚೌಕಟ್ಟಿಗೆ 4 ಅಡಿ 3 ಇಂಚು ಅಗಲ ಬೇಕು, ನನ್ನ ಹಲಗೆ 4 ಅಡಿ. ಎರಡು ಅಂಚಿನಲ್ಲೂ ನೀಲಿ ಗೋಡೆ ಇಣುಕಿತು. ಕ್ಯಾಮೆರಾವನ್ನು 6 ಅಡಿಗೆ ತಂದಾಗ 3 ಅಡಿ 9 ಇಂಚಿಗೆ ಇಳಿಯಿತು, ಹಲಗೆ ತುಂಬಿಕೊಂಡಿತು. ನೀವು ಮಾಡುವುದಾದರೆ ಮೊದಲು ಕ್ಯಾಮೆರಾ, ವಸ್ತು ಎರಡನ್ನೂ ಇಟ್ಟು, ಹಿಂದೆ ಒಬ್ಬರನ್ನು ನಿಲ್ಲಿಸಿ, ಚೌಕಟ್ಟಿನ ಅಂಚು ಎಲ್ಲಿ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿಕೊಳ್ಳಿ. ಆ ಅಳತೆಗೆ ಅರ್ಧ ಅಡಿ ಸೇರಿಸಿ ಹಲಗೆ ಕೊಯ್ಸಿ.

ಮೂರನೆಯದು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ಮಾಡುವ ಬಣ್ಣದ ಹೊಂದಾಣಿಕೆ. ಚೌಕಟ್ಟಿನ ತುಂಬ ಕೆಂಪು ಕಂಡ ಕ್ಯಾಮೆರಾ ತಾನಾಗಿಯೇ ಅದನ್ನು ತಣ್ಣಗೆ ಮಾಡಲು ಹೋಗಿ, ಕೆಮ್ಮಣ್ಣನ್ನು ಹಳಸಿದ ಕಂದು ಮಾಡಿತು. ಬುಟ್ಟಿಯ ಜಾಗದಲ್ಲಿ ಬಿಳಿ ಕಾಗದ ಹಿಡಿದು ಅದರಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಂದಿಸಿದ ಮೇಲೆ ಸರಿಯಾಯಿತು.

ಹಂತ 5: ಕರಿ ಹಲಗೆ (ಡಿಸೆಂಬರ್ ಮೊದಲ ವಾರ)

ಅವ್ವ ಬುಟ್ಟಿಯ ಫೋಟೋ ನೋಡಿ ಸುಮ್ಮನಿದ್ದಳು. ಸಂಜೆ ಒಲೆ ಮುಂದೆ ಕೂತಾಗ, "ಬುಟ್ಟಿ ಬರ್ದು ಎಲ್ಲಿ ಇಡ್ತಿದ್ವಿ ಹೇಳು? ನೆಲದ ಮ್ಯಾಲೆ. ನೆಲ ಕರಿದು" ಅಂದಳು. ನಿಜ. ಹಳೇ ಮನೆಯ ನೆಲಕ್ಕೆ ಸಗಣಿಯ ಜೊತೆ ಕರಿ ಕಲಸಿ ಸಾರಿಸುತ್ತಿದ್ದರು, ಮುಗಿದ ಟಾರ್ಚ್ ಸೆಲ್ಲುಗಳನ್ನು ಒಡೆದು ಒಳಗಿನ ಮಸಿಯನ್ನೂ ಹಾಕುತ್ತಿದ್ದರು. ಸೆಲ್ಲಿನ ಪುಡಿ ಕೈಗೆ, ಉಸಿರಿಗೆ ಒಳ್ಳೆಯದಲ್ಲ, ಅದನ್ನು ಬಿಟ್ಟು ಒಲೆಯ ಇದ್ದಿಲನ್ನೇ ಕುಟ್ಟಿ ಪಂಚೆಯಲ್ಲಿ ಸೋಸಿದೆ.

ಈ ಸಲ ಮೊದಲು ಕರಿ ಕಂಬಳಿಯನ್ನು ಹಿಂದೆ ಕಟ್ಟಿ ಬುಟ್ಟಿಯ ಒಂದು ಫೋಟೋ ತೆಗೆದೆ. ಬುಟ್ಟಿ ಎದ್ದು ಬಂತು. ಆಮೇಲೇ ಎರಡನೇ ಹಲಗೆಗೆ ಕೈ ಹಾಕಿದ್ದು.

ಚೌಕಟ್ಟು, ಗೋಣಿ ಮೊದಲೇ ಆಗಿತ್ತು. ದಪ್ಪ ಲೇಪ ಬೇಡವೆಂದು ಎರಡು ಮಗ್ ಸಗಣಿ, ಒಂದು ಮಗ್ ಸಣ್ಣ ಮರಳು, ಒಂದೂವರೆ ಮಗ್ ಇದ್ದಿಲ ಪುಡಿ, ದಾಸವಾಳದ ಲೋಳೆ ಕಲಸಿ 2 ಮಿ.ಮೀ. ಹಚ್ಚಿದೆವು. ಮೂರು ದಿನದಲ್ಲಿ ಒಣಗಿತು. ಮೇಲೆ ಮತ್ತೊಂದು ತೆಳು ಲೇಪ. ಬಿರುಕಿಲ್ಲ. ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುವುದು ಹಳೇ ಪದ್ಧತಿ. ಅವ್ವ ಕಲ್ಲು ತಂದೂ ಇಟ್ಟಿದ್ದಳು, ಹೊಳಪು ಬೇಡವೆಂದು ಕೈಮುಗಿದು ಕೇಳಿಕೊಂಡೆ. ಸಗಣಿಯ ವಾಸನೆ ನಾಲ್ಕನೇ ದಿನಕ್ಕೆ ಹೋಯಿತು. ತೂಕ 13 ಕಿಲೋ.

ಹಂತ 6: ಬುಟ್ಟಿ

ಅದೇ ಜಗಲಿ, ಅದೇ ಹತ್ತು ಗಂಟೆ. ಕರಿ ಹಲಗೆಯಿಂದ ಎರಡೂವರೆ ಅಡಿ ಮುಂದೆ ಮಣೆಯ ಮೇಲೆ ಬುಟ್ಟಿ. ಬಯಲಿನ ಬೆಳಕು ಬಲಗಡೆಯಿಂದ. ಎಡಗಡೆ ಒಂದೂವರೆ ಅಡಿ ದೂರದಲ್ಲಿ ಬಿಳಿ ಥರ್ಮಾಕೋಲ್ ಹಾಳೆ, ನೆರಳಿನ ಮಗ್ಗುಲಿಗೆ ಸ್ವಲ್ಪ ಬೆಳಕು ತಿರುಗಿಸಲು. ಕ್ಯಾಮೆರಾ 6 ಅಡಿಯಲ್ಲಿ. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 8, ಬೆಳಕು ಬೀಳುವ ಹೊತ್ತು ಸೆಕೆಂಡಿನ 1/8. ಗುಂಡಿ ಒತ್ತಿದ ಅಲುಗಾಟ ಬಾರದಂತೆ ಎರಡು ಸೆಕೆಂಡಿನ ಟೈಮರ್.

ಎಫ್ 8 ಯಾಕೆಂದರೆ, ಕಿಂಡಿ ಇನ್ನೂ ಅಗಲವಾದ ಎಫ್ 2.8ರಲ್ಲಿ ಹಿನ್ನೆಲೆ ಬೆಣ್ಣೆಯ ಹಾಗೆ ಮೆತ್ತಗಾಗಿತ್ತು ನಿಜ, ಆದರೆ ಬುಟ್ಟಿಯ ಮುಂಬದಿಯ ಎಳೆ ಚೂಪಾದರೆ ಅಂಚಿನ ಎಳೆ ಮಸುಕು. ಅವ್ವನ ಕೆಲಸವೇ ಎಳೆ. ಒಂದೂ ಮಸುಕಾಗಬಾರದು.

ಕರಿ ಹಿನ್ನೆಲೆಗೆ ಕ್ಯಾಮೆರಾ ಮತ್ತೊಂದು ರೀತಿ ಮೋಸ ಹೋಗುತ್ತದೆ. ಚೌಕಟ್ಟೆಲ್ಲ ಕತ್ತಲೆ ಎಂದು ತಿಳಿದು ಬೆಳಕು ಹೆಚ್ಚಿಸಿತು, ಬಿಳಿ ಎಳೆಗಳು ಕರಗಿ ಒಂದಕ್ಕೊಂದು ಕೂಡಿಕೊಂಡವು. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದ, ಅಂದರೆ ಬೆಳಕು ಅರ್ಧ ಮಾಡಿದ ಮೇಲೆ ಎಳೆ ಎಳೆಯೂ ಬೇರೆಯಾಯಿತು. ನಾನು ಮೇಲೆ ಬರೆದ 1/8 ಇಳಿಸಿದ ಮೇಲಿನದು.

ಹತ್ತು ಬುಟ್ಟಿಗೆ ಎರಡು ದಿನ ಬೆಳಿಗ್ಗೆ ತಲಾ ಒಂದೂವರೆ ತಾಸು ಹಿಡಿಯಿತು. ಪುಂಡಿ ನಾರು ಒಣಗುತ್ತ ಬಂದು ಎಳೆ ತೆಳುವಾದ ಜಾಗ, ಮತ್ತೆ ಅದ್ದಿ ಶುರು ಮಾಡಿದ ಜಾಗ, ಎಲ್ಲ ಫೋಟೋದಲ್ಲಿ ಕಾಣುತ್ತದೆ. ಅವ್ವ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ, ಎರಡನೇ ಬುಟ್ಟಿಯಲ್ಲಿ ಒಂದು ಎಳೆ ಬಿಟ್ಟುಹೋಗಿದೆ ಎಂದು ಕಂಡುಹಿಡಿದಳು. ಆ ಬುಟ್ಟಿಯನ್ನು ಕಳಿಸುವ ಮೊದಲು ಸರಿಮಾಡಿದಳು.

ಹಂತ 7: ಕೆಂಪು ಹಲಗೆಗೆ ಸಿಕ್ಕ ಕೆಲಸ

ಗದ್ದೆ ಕೊಯ್ಲು ನಡೆಯುತ್ತಿತ್ತು. ಅವ್ವ ಹೊಸ ಭತ್ತದ ತೆನೆ ತಂದು ತೋರಣ ಹೆಣೆದಳು, ಎರಡೂವರೆ ಅಡಿ ಉದ್ದ. ಕರಿ ಹಲಗೆಯ ಮುಂದೆ ತೂಗುಹಾಕಿದೆ. ಒಡವೆ ಅಂಗಡಿಯ ಪೆಟ್ಟಿಗೆಯಲ್ಲಿಟ್ಟ ಹಾಗೆ ಕಂಡಿತು, ಅದು ತೆನೆಗೆ ಒಪ್ಪುವುದಿಲ್ಲ. ಕೆಂಪು ಹಲಗೆಯನ್ನು ಹೊತ್ತು ತಂದು ನಿಲ್ಲಿಸಿದೆ. ಹೊಂಬಣ್ಣದ ತೆನೆ, ಹಿಂದೆ ಕೆಮ್ಮಣ್ಣು, ಅವ್ವನ ಬೆರಳ ಗುರುತು. ತೋರಣ ಬಾಗಿಲಿಗೆ ಕಟ್ಟಿದ ಹಾಗೇ ಇತ್ತು. ಹಲಗೆಯಿಂದ ಒಂದಡಿ ಮುಂದಕ್ಕೆ ತೂಗುಹಾಕಿ, ಮೆತ್ತನೆಯ ನೆರಳು ಹಲಗೆಯ ಮೇಲೆ ಬೀಳುವ ಹಾಗೆ ಬಿಟ್ಟೆ. ಇಲ್ಲಿ ನೆರಳು ಬೇಕು, ತೆಗೆದರೆ ತೋರಣ ಗೋಡೆಗೆ ಅಂಟಿಸಿದ ಹಾಗಾಗುತ್ತದೆ. ಕೆಂಪಿನ ಪ್ರತಿಫಲನವೂ ತೆನೆಯ ಹಳದಿಗೆ ಕೆಡುಕು ಮಾಡಲಿಲ್ಲ, ಇನ್ನಷ್ಟು ಬೆಚ್ಚಗೆ ಮಾಡಿತು.

ಖರ್ಚು: ಪ್ಲೈವುಡ್ 1,536, ಕೊಯ್ಯುವ ಕೂಲಿ 60, ರೀಪು 432, ಸ್ಕ್ರೂ ಮತ್ತು ಪಿನ್ 90, ಅಂಟು ಒಂದು ಕಿಲೋ 260, ಗೋಣಿ ನಾಲ್ಕು 100, ಥರ್ಮಾಕೋಲ್ 80. ಒಟ್ಟು 2,558. ಜೂನ್‌ನ ಬಟ್ಟೆ ಸೇರಿಸಿದರೆ 2,843. ಮಣ್ಣು, ಸಗಣಿ, ಇದ್ದಿಲು, ದಾಸವಾಳ ಮನೆಯದು. ಮರಳು ಕೊಟ್ಟಿಗೆ ಕಟ್ಟುವಾಗ ಉಳಿದದ್ದು. ಇನ್ನೊಮ್ಮೆ ಮಾಡಿದರೆ 8 ಮಿ.ಮೀ. ಬದಲು 4 ಮಿ.ಮೀ. ಪ್ಲೈವುಡ್‌ಗೆ ಮೊದಲೇ ಚೌಕಟ್ಟು ಹೊಡೆದು, 2 ಮಿ.ಮೀ. ಲೇಪ ಸಾಕು ಮಾಡುತ್ತೇನೆ. ತೂಕ ಬಹಳ ಕಡಿಮೆಯಾಗುತ್ತದೆ.

ಉಳಿದ ಕೆಲಸ: ಮಳೆಗಾಲದಲ್ಲಿ ಎರಡನ್ನೂ ಎಲ್ಲಿಡುವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಾಗುತ್ತದೆ, ಬೂಷ್ಟು ಹಿಡಿಯುವುದಿಲ್ಲ, ಆದರೆ 16 ಕಿಲೋ ಅಟ್ಟಕ್ಕೆ ಏರಿಸಬೇಕು.

ಇನ್ನೊಂದು, 2 ಅಡಿಗೆ 4 ಅಡಿಯ ತುಂಡು. ಕೆಂಪು ಹಲಗೆ ಖಾಲಿ ನಿಂತಿರುವುದನ್ನು ಕಂಡಾಗಲೆಲ್ಲ ಅವ್ವ, "ಗ್ವಾಡೆ ಸಾರ್ಸಿ ಸುಮ್ನೆ ಬಿಟ್ಟಾರಾ, ಒಂದ್ ಚಿತ್ತಾರ ಬರಿಲಾ?" ಎಂದು ಕೇಳುತ್ತಿದ್ದಾಳೆ. ಅದರ ಮೇಲೆ ಬರೆದರೆ ನನ್ನ ಹಿನ್ನೆಲೆ ಹೋಗುತ್ತದೆ, ಬೇಡವೆನ್ನಲೂ ಮನಸ್ಸಿಲ್ಲ. ಆ ತುಂಡಿಗೆ ಮೊನ್ನೆ ಚೌಕಟ್ಟು ಹೊಡೆದು ಗೋಣಿ ಅಂಟಿಸಿದೆ. ಮೊದಲ ಲೇಪ ಆರುತ್ತಿದೆ. ನಾಳೆ ದಾಸವಾಳದ ಲೋಳೆಯಲ್ಲಿ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಅವಳ ಕೈಗೆ ಕೊಡುತ್ತೇನೆ. ಅಕ್ಕಿ ನೆನೆಹಾಕುವುದು ಯಾವಾಗ ಎಂದು ಬೆಳಿಗ್ಗೆಯೇ ಕೇಳಿದಳು.